ಬೀರುವಿನ ಮೇಲಿನ ಮೂರನೇ ಬಾಟಲಿ

“ಕಂಬಳಿ ಪಕ್ಕದಲ್ಲಿ,” ಎಂದಳು ಅಕ್ಕ. “ಕ್ಷಾರ ತುಂಬಿದ ಗಾಜಿನ ಬಾಟಲಿ. ನನ್ನ ಒಳ್ಳೆ ಕಂಬಳಿ ಪಕ್ಕದಲ್ಲಿ. ಆರು ತಿಂಗಳಿಂದ.”

“ಈಗ ಅದಲ್ಲ ಕಣೇ ಮುಖ್ಯ.”

“ನಿನಗಲ್ಲ. ಕಂಬಳಿ ನಿನ್ನದಲ್ಲವಲ್ಲ.”

ನಾನು ತರಕಾರಿ ಚೀಲದಿಂದ ಬಾಟಲಿ ತೆಗೆದು ಪ್ರಯೋಗಾಲಯದ ಮೇಜಿನ ಮೇಲಿಟ್ಟೆ. ದಪ್ಪ ಬದನೆಕಾಯಿಯ ಆಕಾರದ ಗಾಜು. ಕುತ್ತಿಗೆಯಲ್ಲಿ ತಿರುಗಿಸಿ ಮುಚ್ಚುವ ತಿರುಗಣಿ, ತಳದಲ್ಲಿ ನಾಲ್ಕು ಬೆರಳು ಕ್ಷಾರದ ನೀರು, ಅದರ ಮೇಲೆ ಕಣ್ಣಿಗೆ ಕಾಣದ ಅನಿಲ. ಕುತ್ತಿಗೆಗೆ ಕಟ್ಟಿದ ತಗಡಿನ ಬಿಲ್ಲೆಯ ಮೇಲೆ ಭಾವ ಮೊಳೆಯಿಂದ ಗೀಚಿದ್ದರು: ಏಳನೇ ಬಾವಿ, ಮೂರನೆಯದು.

ಆ ಏಳನೇ ಬಾವಿಯ ಅನಿಲಕ್ಕೆ ಕಲಬೆರಕೆ ಮಾಡಿದರೆಂದು ಸಂಜೆ ಐದಕ್ಕೆ ಇನ್ಸ್‌ಪೆಕ್ಟರ್ ನನ್ನ ಭಾವನನ್ನು ಬಂಧಿಸಲಿದ್ದರು. ಈಗ ಎರಡೂ ಐವತ್ತು.

ಕತೆ ಇಷ್ಟೇ. ನೆಲದಡಿಯ ಬಿಸಿಯಿಂದ ವಿದ್ಯುತ್ ತೆಗೆಯುವ ಕಂಪನಿ. ಬಾವಿಯ ಬಾಯಿಂದ ಬರುವ ಅನಿಲವನ್ನು ಬಾಟಲಿಗೆ ಹಿಡಿಯುವುದು ಭಾವನ ಕೆಲಸ. ಅದನ್ನು ಪರೀಕ್ಷಿಸಿದ ಕಂಪನಿಯವರು ಕೆಳಗೆ ಇನ್ನೂರ ಎಂಬತ್ತು ಡಿಗ್ರಿ ಇದೆ, ಒಣ ಉಗಿ ಬರುತ್ತದೆ ಎಂದು ವರದಿ ಬರೆದರು. ಅದನ್ನು ನಂಬಿ ಕೊರೆಯುವ ಮೇಸ್ತ್ರಿ ಉಗಿಗೆ ತಕ್ಕ ಪೈಪು ಜೋಡಿಸಿದ. ನುಗ್ಗಿದ್ದು ಕುದಿಯುವ ಕೆಸರುನೀರು. ಮೇಸ್ತ್ರಿಯ ಎರಡೂ ಕೈ ಮೊಣಕೈವರೆಗೆ ಬೆಂದವು. ಆತ ಇನ್ನೂ ಆಸ್ಪತ್ರೆಯಲ್ಲಿದ್ದಾನೆ, ಚಮಚ ಹಿಡಿಯಲೂ ಹೆಂಡತಿ ಬೇಕು.

ಯಾರನ್ನಾದರೂ ಹಿಡಿಯಬೇಕಲ್ಲ. ಅನಿಲ ಹಿಡಿದವರನ್ನೇ ಹಿಡಿಯಲು ಹೊರಟರು.

ಭಾವ ಯಾವಾಗಲೂ ಮೂರು ಬಾಟಲಿ ತುಂಬುತ್ತಾರೆ. ಎರಡು ಕಂಪನಿಗೆ, ಒಂದು ಸ್ವಂತಕ್ಕೆ. ಒಮ್ಮೆ ಜೀಪು ಹಳ್ಳಕ್ಕೆ ಬಿದ್ದು ಎರಡೂ ಬಾಟಲಿ ಒಡೆದು, ಅಷ್ಟು ಗುಡ್ಡವನ್ನು ಮತ್ತೆ ಹತ್ತಿದಾಗಿನಿಂದ ಹಿಡಿದ ಅಭ್ಯಾಸ ಅದು. ಮೂರನೆಯದು ಅವರನ್ನು ಬಿಡಿಸಬಲ್ಲ ಒಂದೇ ಸಾಕ್ಷಿ. ಒಂದೇ ಬಾವಿ, ಒಂದೇ ಗಳಿಗೆ, ಒಂದೇ ಕೈ ತುಂಬಿದ ಬಾಟಲಿ. ಇದು ಶುದ್ಧವಾಗಿದ್ದರೆ ಕಲಬೆರಕೆ ನಡೆದದ್ದು ಭಾವನ ಕೈ ಬಿಟ್ಟ ಮೇಲೆ.

ಇಂಥ ಬಾಟಲಿ ಇದೆಯೆಂದು ಹೇಳಲು ಆ ಪುಣ್ಯಾತ್ಮರಿಗೆ ಹತ್ತು ದಿನ ಬೇಕಾಯಿತು. ಇವತ್ತು ಬೆಳಿಗ್ಗೆ ಮೂರು ಸಲ ಕೇಳಿದ ಮೇಲೆ ಬಾಯಿಬಿಟ್ಟರು. ಬಿಟ್ಟ ಮೇಲೂ, “ಪರೀಕ್ಷೆ ಮಾಡಿಸಲೇಬೇಕಾ?” ಎಂದು ಕೇಳಿದರು. ನನಗೆ ಮೈಯೆಲ್ಲ ಉರಿಯಿತು. ಜೈಲಿಗೆ ಹೋಗುವವರು ಅವರು, ನಿದ್ದೆ ಬಿಟ್ಟಿರುವವಳು ನಾನು.

“ಮೊದಲು ಕಂಪನಿ ಬಾಟಲಿ ಮುಗೀಲಿ,” ಎಂದಳು ಅಕ್ಕ. “ಆಮೇಲೆ ಇದು. ಒಂದೊಂದಕ್ಕೆ ಮುಕ್ಕಾಲು ಗಂಟೆ.”

ಕಂಪನಿಯ ಎರಡರಲ್ಲಿ ಒಂದು ವರದಿಗೇ ಖರ್ಚಾಗಿತ್ತು. ಉಳಿದದ್ದಕ್ಕೆ ಪೊಲೀಸರು ಮೊಹರು ಹಾಕಿ ಅಕ್ಕನ ಬಳಿಗೇ ಕಳಿಸಿದ್ದರು. ಆರೋಪಿಯ ಹೆಂಡತಿ ಎಂದು ಗೊತ್ತಿದ್ದೂ ಕಳಿಸಿದ್ದರು, ಯಾಕೆಂದರೆ ಇಂಥ ಯಂತ್ರ ಒಂದು ದಿನದ ದಾರಿಯೊಳಗೆ ಬೇರೆಲ್ಲೂ ಇಲ್ಲ. ಕಾವಲಿಗೆ ಬಾಗಿಲ ಹೊರಗೆ ಒಬ್ಬ ಮಹಿಳಾ ಕಾನ್‌ಸ್ಟೆಬಲ್ ಸ್ಟೂಲು ಹಾಕಿ ಕುಳಿತಿದ್ದಳು. ನಮ್ಮಿಬ್ಬರ ಫೋನುಗಳೂ ಅವಳ ಪಕ್ಕದ ಬುಟ್ಟಿಯಲ್ಲಿದ್ದವು.

ನಾನು ಕುರ್ಚಿ ಎಳೆದು ಕೂತೆ. ರಸಾಯನಶಾಸ್ತ್ರದಲ್ಲಿ ಎರಡು ಸಲ ಡುಮ್ಕಿ ಹೊಡೆದೇ ಪತ್ತೇದಾರಿಕೆಗೆ ಬಂದವಳು ನಾನು. ಸುತ್ತಿ ಸುತ್ತಿ ಅಲ್ಲಿಗೇ ಬಂದು ಕೂರಬೇಕಾಯಿತಲ್ಲ ಎಂದು ಹೊಟ್ಟೆ ಉರಿಯುತ್ತಿತ್ತು.

“ಇನ್ನೊಂದ್ ಸಲ ಹೇಳು. ನಾಳೆ ಯಾರಾದ್ರೂ ಕೇಳಿದ್ರೆ ನಾನೂ ಹೇಳಬೇಕು.”

ಅಕ್ಕ ನಿಟ್ಟುಸಿರು ಬಿಟ್ಟಳು. “ಜಲಜನಕದಲ್ಲಿ ಎರಡು ಜಾತಿ. ಒಬ್ಬ ಹಗುರ, ಒಬ್ಬ ಭಾರ.”

“ಅಣ್ಣ ತಮ್ಮ.”

“ಹೂಂ. ನೆಲದೊಳಗೆ ಅನಿಲದ ಜೊತೆ ನೀರೂ ಇರುತ್ತೆ. ತಣ್ಣಗಿದ್ರೆ ಭಾರದವನು ನೀರು ಬಿಟ್ಟು ಕದಲಲ್ಲ, ಬೆಳಿಗ್ಗೆ ನೀನು ಹಾಸಿಗೆ ಬಿಡದ ಹಾಗೆ. ಬಿಸಿ ಏರಿದಷ್ಟೂ ಅವನೂ ಎದ್ದು ಅನಿಲಕ್ಕೆ ಬರ್ತಾನೆ. ಅನಿಲದಲ್ಲಿ ಭಾರದವರು ಎಷ್ಟಿದ್ದಾರೆ ಅಂತ ಈ ಯಂತ್ರ ಎಣಿಸುತ್ತೆ. ಅದರಿಂದ ಕೆಳಗಿನ ಬಿಸಿ ಗೊತ್ತಾಗುತ್ತೆ.”

“ಕಂಪನಿಯೋರು ಹಾಗೆ ಎಣಿಸಲಿಲ್ವಾ?”

“ಅವರು ಜಲಜನಕ ಎಷ್ಟಿದೆ ಅಂತ ಮಾತ್ರ ನೋಡಿದ್ರು. ಜಾಸ್ತಿ ಇದ್ರೆ ಕೆಳಗೆ ಬಿಸಿ ಜಾಸ್ತಿ ಅಂತ ಲೆಕ್ಕ. ಅದು ಎಂಥದ್ದು ಅಂತ ನೋಡೋಕೆ ಯಂತ್ರ ಬೇಕು. ಯಂತ್ರ ನನ್ನ ಹತ್ರ ಇದೆ. ನನ್ನನ್ನ ಯಾರೂ ಕೇಳಲಿಲ್ಲ.”

ಕಡೆಯ ಮಾತಿನಲ್ಲಿ ಹಳೆಯ ಕೋಪವಿತ್ತು. ಇಪ್ಪತ್ತು ವರ್ಷದಿಂದ ಅವಳನ್ನು ಯಾರೂ ಸರಿಯಾದ ಹೊತ್ತಿಗೆ ಏನನ್ನೂ ಕೇಳಿಲ್ಲ. ಈ ದೂರನ್ನು ಊಟಕ್ಕೆ ಕೂತಾಗಲೆಲ್ಲ ಕೇಳಿ ನನಗೆ ಬಾಯಿಪಾಠವಾಗಿದೆ.

ಮೂರು ಗಂಟೆ ಐದು ನಿಮಿಷಕ್ಕೆ ಪರದೆಯ ಮೇಲೆ ಅಂಕಿ ಮೂಡಿತು. ಅಕ್ಕ ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದಳು.

“ಮೈನಸ್ ಏಳುನೂರ ಮೂವತ್ತು.”

“ಒಳ್ಳೇದಾ ಕೆಟ್ಟದ್ದಾ?”

“ಭಾರದವರು ಇಲ್ಲವೇ ಇಲ್ಲ ಅನ್ನೋ ಅಷ್ಟು ಕಡಿಮೆ. ಈ ಜಲಜನಕ ಬಾವಿಯಲ್ಲಿ ಹುಟ್ಟಿದ್ದೇ ಅಲ್ಲ. ಇಂಥದ್ದೊಂದು ಕೋಣೆಯಲ್ಲಿ, ತಣ್ಣೀರಿಂದ ಹುಟ್ಟಿದ್ದು. ಬಾವಿಯ ಸ್ವಂತದ್ದು ಇದರಲ್ಲಿ ಚಿಟಿಕೆಯಷ್ಟು.” ಅವಳು ಇನ್ನೊಂದು ಹಾಳೆ ನೋಡಿದಳು. “ಇಂಗಾಲದಲ್ಲೂ ಹೀಗೇ ಅಣ್ಣ ತಮ್ಮ ಇದ್ದಾರೆ. ಅವರನ್ನ ಯಾರೂ ಮುಟ್ಟಿಲ್ಲ. ಅವರು ನಿಜ ಹೇಳ್ತಿದ್ದಾರೆ, ನೂರ ಐವತ್ತು ಡಿಗ್ರಿ.”

ಅಂದರೆ ಬಾವಿ ಬರೀ ಬಿಸಿನೀರಿನದು. ಯಾರೋ ಬೇರೆಡೆ ತಯಾರಿಸಿದ ಜಲಜನಕ ತುಂಬಿ ಅದನ್ನು ಉಗಿಬಾವಿ ಮಾಡಿದ್ದರು. ತೂಕ ಹಾಕಿದರೂ ಗೊತ್ತಾಗದಷ್ಟು ಹಗುರವಾದ ವಸ್ತು. ಮಾಡಿದವರಿಗೆ ಕೆಲಸ ಗೊತ್ತಿತ್ತು, ಆದರೆ ಜಲಜನಕ ತಾನು ಹುಟ್ಟಿದ ಬಿಸಿಯನ್ನು ನೆನಪಿಟ್ಟಿರುತ್ತದೆ ಎಂಬುದು ಮಾತ್ರ ಮರೆತುಹೋಗಿತ್ತು.

ನನಗೆ ಕುಣಿಯಬೇಕೆನಿಸಿತು. ಅಕ್ಕ ಮಾತ್ರ ಎದ್ದು ಕಪಾಟಿನಿಂದ ಹಳೆಯ ನೋಟ್‌ಬುಕ್ಕೊಂದನ್ನು ತೆಗೆದು ಹಾಳೆ ಮಗುಚತೊಡಗಿದಳು. ಮಗುಚುತ್ತಾ ಒಂದು ಕಡೆ ನಿಂತಳು.

“ಏನೇ?”

ಅವಳು ಮೂಲೆಯ ಕಡೆ ಕೈ ತೋರಿಸಿದಳು. ಅಲ್ಲೊಂದು ಪುಟ್ಟ ಉಕ್ಕಿನ ಪೆಟ್ಟಿಗೆ ಗುಂಯ್ ಎನ್ನುತ್ತಿತ್ತು. ನೀರನ್ನು ವಿದ್ಯುತ್ತಿನಿಂದ ಒಡೆದು ಜಲಜನಕ ಮಾಡುವ ಪೆಟ್ಟಿಗೆ, ಬೇರೆ ಯಂತ್ರಗಳಿಗೆ ಅದು ಬೇಕಂತೆ. ಅದರ ಪಕ್ಕದಲ್ಲಿ ಕೆಂಪು ಕ್ಯಾನು, ಕ್ಯಾನಿನೊಳಗೆ ಏಸಿಯ ಕೊಳವೆಯಿಂದ ನೀರು ತೊಟ್ಟಿಕ್ಕುತ್ತಿತ್ತು.

“ಶುದ್ಧ ನೀರಿಗೆ ಅರ್ಜಿ ಹಾಕಿ ಎಂಟು ತಿಂಗಳಾಯ್ತು,” ಎಂದಳು. “ಮೇಲಿನವರು ಕಡತ ಹುಡುಕ್ತಾನೇ ಇದ್ದಾರೆ. ಅದಕ್ಕೆ ಏಸಿ ನೀರು ಸೋಸಿ ಹಾಕ್ತೀನಿ. ಅದರ ಜಲಜನಕ ಹೇಗಿರುತ್ತೆ ಅಂತ ಕುತೂಹಲಕ್ಕೆ ಒಂದ್ಸಲ ಅಳೆದಿದ್ದೆ.” ನೋಟ್‌ಬುಕ್ಕನ್ನು ನನ್ನ ಮುಂದೆ ಹಿಡಿದಳು. ಮೈನಸ್ ಏಳುನೂರ ಮೂವತ್ತು. “ನಲ್ಲಿ ನೀರಿಂದಾದ್ರೆ ಬೇರೆ ಅಂಕಿ ಬರುತ್ತೆ. ಅಂಗಡಿ ಸಿಲಿಂಡರಿಂದಾದ್ರೆ ಇನ್ನೊಂದು.”

“ಬೇರೆ ಕಡೆನೂ ಏಸಿ ನೀರು ಹಾಕ್ತಿರಬಹುದು.”

“ಬುದ್ಧಿ ಇರೋರು ಯಾರೂ ಹಾಕಲ್ಲ. ನಾನೊಬ್ಬಳೇ ಹಾಕೋದು.”

ಹೊರಗೆ ಯಾರೋ ಕೆಮ್ಮಿದರು. ಅದರ ಹಿಂದೆಯೇ ಅತ್ತರಿನ ವಾಸನೆ ಬಾಗಿಲ ಸಂದಿಯಿಂದ ಒಳಗೆ ಬಂತು.

ಕಂಪನಿಯ ವ್ಯವಸ್ಥಾಪಕರು. ನಾವು ಅವರನ್ನು ಅತ್ತರು ಸಾಹೇಬರೆಂದೇ ಕರೆಯುವುದು. ಏಳನೇ ಬಾವಿಯಿಂದ ವರ್ಷದೊಳಗೆ ಉಗಿ ಬರುತ್ತದೆಂದು ಮೇಲಿನವರಿಗೆ ಮಾತು ಕೊಟ್ಟಿದ್ದವರು ಇವರೇ. ಬಾವಿ ಬಿಸಿಯಾಗಿರಬೇಕೆಂಬ ಆಸೆ ಯಾರಿಗಾದರೂ ಇದ್ದರೆ ಇವರಿಗಿತ್ತು. ಮೊದಲ ದಿನದಿಂದಲೂ ನನ್ನ ಕಣ್ಣು ಇವರ ಮೇಲೆಯೇ.

“ಆ ವಾಸನೆ ಜೊತೆ ಒಳಗೆ ಬರಬೇಡಿ,” ಎಂದು ಅಕ್ಕ ಒಳಗಿನಿಂದಲೇ ಹೇಳಿದಳು. “ಯಂತ್ರಕ್ಕೆ ಆಗಲ್ಲ.” ಆಮೇಲೆ ನನ್ನತ್ತ ತಿರುಗಿ ಮೆಲ್ಲಗೆ, “ಏಸಿ ನೀರಿನ ವಿಷಯ ಬಾಯಿ ಬಿಡಬೇಡ,” ಎಂದಳು. ಮೂರನೇ ಬಾಟಲಿಯನ್ನು ಯಂತ್ರಕ್ಕೆ ಜೋಡಿಸತೊಡಗಿದಳು.

ನಾನು ಬಾಗಿಲೆಳೆದುಕೊಂಡು ಹೊರಗೆ ಹೋದೆ.

“ಮೂರನೇ ಬಾಟಲಿ ಇದೆಯಂತೆ,” ಎಂದರು ಸಾಹೇಬರು, ನಗುತ್ತಲೇ. “ಬಾವಿ ಕಂಪನಿದು, ಅನಿಲನೂ ಕಂಪನಿದು. ಕೊಟ್ಟುಬಿಡಿ ಮೇಡಂ.”

“ಪೊಲೀಸರ ವಶದಲ್ಲಿದೆ. ಈಯಮ್ಮನ್ನ ಕೇಳಿ.”

ಕಾನ್‌ಸ್ಟೆಬಲ್ ಕೂತಲ್ಲಿಂದಲೇ ಅವರನ್ನು ನೋಡಿದಳು. ಅವರು ಕೇಳಲಿಲ್ಲ.

“ಸಾರ್, ಒಂದು ಪ್ರಶ್ನೆ. ಭಾವ ಎರಡು ಬಾಟಲಿ ನಿಮ್ಮ ಕೈಗೆ ಕೊಟ್ಟರು. ಪರೀಕ್ಷೆ ಆಗಿದ್ದು ನಾಲ್ಕು ದಿನ ಬಿಟ್ಟು. ಆ ನಾಲ್ಕು ದಿನ ಅವು ಎಲ್ಲಿದ್ದವು?”

“ನಮ್ಮ ಉಗ್ರಾಣದಲ್ಲಿ.”

“ನಾಲ್ಕೂ ದಿನ?”

ಅವರ ನಗು ನಿಂತಿತು. ಸಿಕ್ಕಿಬಿದ್ದರು ಎಂದು ನಾನು ಒಳಗೊಳಗೇ ಖುಷಿಪಟ್ಟೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರು ಹೀಗೇ ಅಲ್ಲವೇ ನಿಲ್ಲುವುದು. ಆದರೆ ಅವರು ಹೆಗಲು ಮುಟ್ಟಿಕೊಳ್ಳಲಿಲ್ಲ. ಕೋಟಿನ ಒಳಜೇಬಿಗೆ ಕೈ ಹಾಕಿದರು.

“ಹೇಳಬಾರದು ಅಂತಿದ್ದೆ. ನಿಮ್ಮ ಮನೆಯವರ ವಿಷಯ ನೋಡಿ.” ಮಡಿಸಿದ ಕಾಗದವೊಂದನ್ನು ಬಿಚ್ಚಿದರು. “ಉಗ್ರಾಣಕ್ಕೆ ಸುಣ್ಣ ಬಳೀತಿದ್ರು. ಧೂಳು ಅಂತ ಎರಡು ದಿನ ಬಾಟಲಿಗಳನ್ನ ಬೇರೆ ಕಡೆ ಇಟ್ಟಿದ್ವಿ. ಇದು ಅದರ ರಸೀದಿ.”

ಓದುವ ಮೊದಲೇ ಅಕ್ಷರ ಯಾರದೆಂದು ಗೊತ್ತಾಯಿತು. ಚಿಕ್ಕಂದಿನಲ್ಲಿ ನನ್ನ ಕಾಪಿ ಪುಸ್ತಕ ತಿದ್ದಿದ ಅಕ್ಷರ. ‘ಬಾಟಲಿ ಎರಡು, ನನ್ನ ಪ್ರಯೋಗಾಲಯದಲ್ಲಿ, ನನ್ನ ಜವಾಬ್ದಾರಿಯಲ್ಲಿ. ಕೀಲಿ ನನ್ನ ಬಳಿ ಮಾತ್ರ.’ ಕೆಳಗೆ ಅಕ್ಕನ ಸಹಿ.

“ಬೇಲಿನೇ ಎದ್ದು ಹೊಲ ಮೇಯ್ದ್ರೆ ಯಾರಿಗೆ ಹೇಳೋಣ ಮೇಡಂ?” ಎಂದರು ಸಾಹೇಬರು. “ಐದಕ್ಕೆ ನಾನೂ ಸ್ಟೇಷನ್‌ಗೆ ಹೋಗ್ತೀನಿ. ನಕಲು ನಿಮ್ಮ ಹತ್ರ ಇರಲಿ.”

ಅವರು ಮೆಟ್ಟಿಲಿಳಿದರು. ಅವರ ಅತ್ತರು ಇನ್ನೂ ಅಲ್ಲೇ ನಿಂತಿತ್ತು.

ಒಳಗೆ ಬಂದು ಕಾಗದವನ್ನು ಅಕ್ಕನ ಮುಂದಿಟ್ಟೆ.

“ಇದನ್ನ ನನಗೆ ಹೇಳೋಕೇನಾಗಿತ್ತು?”

“ನೀನು ಕೇಳಲಿಲ್ಲ.”

“ಕೇಳಿದ್ದೆ. ಬಾಟಲಿಗಳು ಎಲ್ಲೆಲ್ಲಿ ಹೋಗಿದ್ದವು ಅಂತ ನಿನ್ನ ಮುಂದೆ ಕೂತು ಕೇಳಿದ್ದೆ.”

“ಕಂಪನಿಯೊಳಗೆ ಎಲ್ಲೆಲ್ಲಿ ಅಂತ ನೀನು ಕೇಳಿದ್ದು. ಇಲ್ಲಿದ್ದಿದ್ದು ಕಂಪನಿಯೊಳಗಲ್ಲ.”

ನಾನು ಹಣೆ ಹಣೆ ಚಚ್ಚಿಕೊಂಡೆ. ಗಂಡ ಕೇಳಿದ್ದಕ್ಕೂ ಹೇಳುವುದಿಲ್ಲ, ಹೆಂಡತಿ ಕೇಳಿದಷ್ಟಕ್ಕೇ ಹೇಳುತ್ತಾಳೆ. ಇವರಿಬ್ಬರ ಮಧ್ಯೆ ಪತ್ತೇದಾರಿಕೆ ಮಾಡುವುದಕ್ಕಿಂತ ಗೋಡೆಗೆ ತಲೆ ಚಚ್ಚಿಕೊಳ್ಳುವುದು ಮೇಲು.

“ಕೀಲಿ ನನ್ನ ಬಳಿ ಮಾತ್ರ ಅಂತ ಯಾಕೆ ಬರೆದೆ?”

“ಭದ್ರವಾಗಿರುತ್ತಾ, ಭದ್ರವಾಗಿರುತ್ತಾ ಅಂತ ಆ ಮನುಷ್ಯ ಹತ್ತು ಸಲ ಕೇಳಿದ. ಸಿಟ್ಟು ಬಂತು. ಬರೆದುಕೊಟ್ಟೆ.”

“ನಿಜವಾಗಲೂ ಒಂದೇ ಕೀಲಿನಾ?”

ಅಕ್ಕ ರಸೀದಿಯನ್ನು ಮಡಿಸಿದಳು. “ಇನ್ನೊಂದು ಮನೇಲಿದೆ. ಬೀರುವಿನೊಳಗೆ.”

ಯಂತ್ರ ತನ್ನ ಪಾಡಿಗೆ ಟಿಕ್ ಟಿಕ್ ಎನ್ನುತ್ತಿತ್ತು. ಸಾಹೇಬರಿಗೆ ಏಸಿ ನೀರಿನ ವಿಷಯ ಗೊತ್ತಿಲ್ಲ. ಗೊತ್ತಾದರೆ ರಸೀದಿ, ಪೆಟ್ಟಿಗೆ, ಕೀಲಿ, ಮೂರೂ ಒಂದೇ ಹೆಸರು ಹೇಳುತ್ತವೆ. ಗಂಡನ ಬಾಟಲಿ ಹೆಂಡತಿಯ ಕೋಣೆಯಲ್ಲಿ ಕೆಟ್ಟಿತು ಎಂದರೆ ಸಾಕು, ಉಳಿದ ಕತೆಯನ್ನು ಜನ ತಾವೇ ಕಟ್ಟುತ್ತಾರೆ.

ನಾಲ್ಕು ಗಂಟೆ ಹತ್ತು ನಿಮಿಷಕ್ಕೆ ಮೂರನೇ ಬಾಟಲಿಯ ಅಂಕಿ ಬಂತು. ಅಕ್ಕ ಓದಿದಳು, ಪಟ್ಟಿಯೊಂದಕ್ಕೆ ಹೋಲಿಸಿದಳು, ಪೆನ್ಸಿಲಿನಿಂದ ಗೆರೆ ಎಳೆದಳು.

“ಮೈನಸ್ ಐನೂರ ತೊಂಬತ್ತಾರು. ನೂರ ಐವತ್ತು ಡಿಗ್ರಿ. ಇಂಗಾಲನೂ ಅದನ್ನೇ ಹೇಳ್ತಿದೆ.” ಅವಳು ಪೆನ್ಸಿಲು ಕೆಳಗಿಟ್ಟಳು. “ಶುದ್ಧ ಅನಿಲ. ಇವರು ಏನೂ ಬೆರೆಸಿಲ್ಲ.”

ಹತ್ತು ದಿನದಲ್ಲಿ ಮೊದಲ ಸಲ ಅವಳು ಅತ್ತಳು. ಕನ್ನಡಕ ತೆಗೆಯದೆಯೇ ಅತ್ತಳು. ನಾನು ಅವಳ ಬೆನ್ನು ಸವರಿದೆ. ಭಾವ ಬಚಾವಾದರು ಎಂಬ ಸಂತೋಷಕ್ಕೆ ನನ್ನ ಕಣ್ಣೂ ತುಂಬಿತು.

ಆಮೇಲೆ ಅವಳು ಮೂಗು ಒರೆಸಿಕೊಂಡು ವರದಿ ಬರೆಯಲು ಕೂತಳು. ಮೂರನೇ ಬಾಟಲಿಯದು ಬರೆದಳು. ಕಂಪನಿ ಬಾಟಲಿಯ ಅಂಕಿ ಬರೆದಳು. ಅದರ ಕೆಳಗೆ ಇನ್ನೊಂದು ಸಾಲು ಶುರುಮಾಡಿದಳು: ‘ಬೆರೆಸಿದ ಜಲಜನಕವು ಈ ಪ್ರಯೋಗಾಲಯದ’

ನಾನು ಅವಳ ಕೈ ಹಿಡಿದೆ. “ಆ ಸಾಲು ಬೇಡ.”

“ಯಾಕೆ?”

“ಭಾವನನ್ನ ಬಿಡಿಸೋಕೆ ಮೇಲಿನ ಎರಡೇ ಸಾಕು. ಅದನ್ನೂ ಬರೆದ್ರೆ ಐದು ಗಂಟೆಗೆ ಅವರ ಬದಲು ನಿನ್ನನ್ನ ಕರ್ಕೊಂಡು ಹೋಗ್ತಾರೆ. ನನಗೆ ಎರಡು ದಿನ ಕೊಡು. ಯಾರು ಅಂತ ಹಿಡಿದು ತರ್ತೀನಿ.”

“ಬೇಕಾದ ಅಂಕಿ ಬಿಟ್ಟು ವರದಿ ಬರೆದಿದ್ದಕ್ಕೇ ಮೇಸ್ತ್ರಿ ಕೈ ಬೆಂದಿದ್ದು,” ಎಂದಳು ಅಕ್ಕ. “ನೀನು ಆಸ್ಪತ್ರೆಗೆ ಹೋಗಿದ್ದೆಯಲ್ಲ, ನೋಡಿದೆಯಲ್ಲ. ಕೈ ಬಿಡು.”

ಬಿಟ್ಟೆ. ಅವಳು ಸಾಲು ಮುಗಿಸಿ ಸಹಿ ಹಾಕಿದಳು. ನನಗೆ ಅವಳ ಮೇಲೆ ಎಷ್ಟು ಕೋಪ ಬಂತೆಂದರೆ ಹೇಳಲಾರೆ. ಅವಳು ಹೇಳಿದ್ದು ಸರಿಯಾಗಿತ್ತು, ಕೋಪಕ್ಕೆ ಅದೇ ಕಾರಣ.

ಬಾಗಿಲು ತಟ್ಟಿದ ಸದ್ದಾಯಿತು. ಕಾನ್‌ಸ್ಟೆಬಲ್ ತನ್ನ ಫೋನನ್ನು ನನ್ನ ಕಡೆ ಚಾಚಿದಳು. “ನಮ್ಮ ಸಾಹೇಬ್ರು. ನಿಮಗೇ ಕೊಡಬೇಕಂತೆ.”

“ಮೇಡಂ,” ಎಂದರು ಇನ್ಸ್‌ಪೆಕ್ಟರ್, “ಇನ್ನು ನೀವು ಓಡಾಡೋದೇನೂ ಬೇಡ. ನಿಮ್ಮ ಭಾವ ತಾವಾಗೇ ಸ್ಟೇಷನ್‌ಗೆ ಬಂದು ಒಪ್ಕೊಂಡಿದ್ದಾರೆ. ಬರೆದೂ ಕೊಟ್ಟಿದ್ದಾರೆ.”

“ಏನಂತ ಒಪ್ಕೊಂಡ್ರು? ಅವರು ಏನೂ ಮಾಡಿಲ್ಲ ಅಂತ ನನ್ನ ಮುಂದೆ ವರದಿ ಇದೆ.”

“ಅದೇನಿದೆಯೋ. ಇಲ್ಲಿ ನಾಲ್ಕು ಪುಟ ಇದೆ. ಮೂರು ಸಲ ಹರಿದು ಹರಿದು ಬರೆದ್ರು.” ಕಾಗದ ಸರಿಸಿದ ಸದ್ದು. “ಇಲ್ಲಿ ನೋಡಿ. ‘ಜಲಜನಕವನ್ನು ನನ್ನ ಹೆಂಡತಿಯ ಪ್ರಯೋಗಾಲಯದ ಪೆಟ್ಟಿಗೆಯಿಂದ ತೆಗೆದೆ. ಏಸಿಯಿಂದ ತೊಟ್ಟಿಕ್ಕಿದ ನೀರು ಹಾಕುವ ಪೆಟ್ಟಿಗೆ. ಅವಳಿಗೆ ಏನೂ ಗೊತ್ತಿಲ್ಲ.’ ಇದೇನ್ ಮೇಡಂ ಏಸಿ ನೀರು? ನಮಗೊಂದೂ ಅರ್ಥ ಆಗ್ಲಿಲ್ಲ.”

ನನಗೆ ಅರ್ಥವಾಯಿತು.

“ಅವರು ಎಷ್ಟು ಗಂಟೆಗೆ ಬರೆಯೋಕೆ ಕೂತರು?”

“ಎರಡೂವರೆಗೆ.”

ನಮ್ಮ ಯಂತ್ರ ಆ ಅಂಕಿಯನ್ನು ತೋರಿಸಿದ್ದು ಮೂರು ಗಂಟೆ ಐದು ನಿಮಿಷಕ್ಕೆ.

ಫೋನನ್ನು ಕಾನ್‌ಸ್ಟೆಬಲ್ ಕೈಗಿಟ್ಟು ಒಳಗೆ ಬಂದೆ. ಅಕ್ಕ ವರದಿಯನ್ನು ಲಕೋಟೆಗೆ ಹಾಕುತ್ತಿದ್ದಳು. ವಿಷಯ ಹೇಳಿದೆ. ಅವಳು ಲಕೋಟೆಯನ್ನು ಮೇಜಿನ ಮೇಲಿಟ್ಟಳು.

“ಸುಳ್ಳು,” ಎಂದಳು. “ಬಾಟಲಿಗಳು ಇಲ್ಲಿದ್ದ ಎರಡು ದಿನ ಅವರು ಊರಲ್ಲೇ ಇರಲಿಲ್ಲ. ಒಂಬತ್ತನೇ ಬಾವಿಗೆ ಹೋಗಿದ್ರು. ನೀನೇ ಬಸ್ ಹತ್ತಿಸಿ ಬಂದೆ.”

ನಿಜ. ಕಿಟಕಿ ಸೀಟಿಗಾಗಿ ಕಂಡಕ್ಟರ್ ಹತ್ತಿರ ಜಗಳವಾಡಿದ್ದೂ ನಾನೇ. ಇಳಿಸಿಕೊಂಡು ಬಂದದ್ದು ಮೂರನೇ ದಿನ.

“ಹಾಗಾದ್ರೆ ಅವರು ಮಾಡಿಲ್ಲ,” ಎಂದೆ. “ಆದರೆ ಎಲ್ಲಿಂದ ಬಂತು ಅಂತ ಗೊತ್ತು. ಯಂತ್ರಕ್ಕಿಂತ ಮುಂಚೆ ಗೊತ್ತು. ಮಾಡಿದವರೇ ಹೇಳದೆ ಹೇಗೆ ಗೊತ್ತಾಗುತ್ತೆ ಅಕ್ಕ? ಅವರಿಗೆ ಹೇಳಿದ್ದು ಯಾರು?”

ಅಕ್ಕ ನನ್ನ ಮುಖ ನೋಡಲಿಲ್ಲ. ಗೋಡೆ ಗಡಿಯಾರ ನೋಡಿದಳು. ನಾಲ್ಕೂ ನಲವತ್ತು.

“ಸ್ಟೇಷನ್‌ನಿಂದ ಜೀಪು ಇಲ್ಲಿಗೆ ಬರೋಕೆ ಎಷ್ಟು ಹೊತ್ತು?”

“ಇಪ್ಪತ್ತು ನಿಮಿಷ. ಯಾಕೆ?”

“ಸಾಕು. ಅಷ್ಟರಲ್ಲಿ ನಿನಗೆಲ್ಲ ಹೇಳ್ತೀನಿ,” ಎಂದು ಅಕ್ಕ ಎದ್ದು ಹೋಗಿ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿದಳು.